ಗಂಡನ ಹೆಸರಿನ ಅಕ್ಷರಗಳು

ನಮ್ಮ ಕಟ್ಟಡದ ಗಂಡಸರನ್ನು ನಾನು ಮುಖಕ್ಕಿಂತ ಹೆಚ್ಚಾಗಿ ಅಕ್ಷರಗಳಿಂದ ಬಲ್ಲೆ. ಎರಡನೇ ಮಹಡಿಯ ಬ್ಯಾಂಕಿನವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಅದರಲ್ಲಿ ಒಂದು ಕೆ, ಮೂರು ಎ. ಅವರ ಎದುರುಮನೆಯವರದು ವೈ ಇರುವ ಹೆಸರು. ಅದರಿಂದ ತೊಂದರೆಯಿಲ್ಲ, ಇಂಗ್ಲಿಷಿನ ಉದ್ದ ಪದಗಳಲ್ಲಿ ಎಷ್ಟೋ ವೈಯಿಂದಲೇ ಮುಗಿಯುತ್ತವೆ. ಲಿಫ್ಟಿನಲ್ಲಿ ಇವರಲ್ಲಿ ಯಾರಾದರೂ ಸಿಕ್ಕರೆ ನಾನು ನೆಲ ನೋಡುತ್ತ ನಿಲ್ಲುತ್ತೇನೆ. ಒಬ್ಬ ಮನುಷ್ಯನ ಹೆಸರನ್ನು ಬಿಚ್ಚಿ, ಅಕ್ಷರ ಅಕ್ಷರವಾಗಿ ಹರವಿ, ಅವನ ಹೆಂಡತಿಗೆ ಬೇಕಾದ ಪದವೊಂದನ್ನು ಹುಡುಕಿಕೊಟ್ಟ ಮೇಲೆ ಅವನನ್ನು "ನೀರು ಬಂತೇ?" ಎಂದು ಕೇಳುವುದು ಕಷ್ಟ.

ಇದೆಲ್ಲ ಸಂಕ್ರಾಂತಿಯ ಅರಿಶಿನ-ಕುಂಕುಮದಿಂದ ಬಂದದ್ದು. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಂದಲ್ಲ ಒಂದು ಮನೆಯಲ್ಲಿ ಹೆಂಗಸರನ್ನು ಕರೆದು ಅರಿಶಿನ-ಕುಂಕುಮ ಕೊಡುತ್ತಾರೆ, ಜೊತೆಗೆ ವಾಣ ಎಂದು ಒಂದು ಸಣ್ಣ ಉಡುಗೊರೆ. ಬಂದವರು ಗಂಡನ ಹೆಸರನ್ನು ನೇರವಾಗಿ ಹೇಳದೆ ಪದ್ಯದೊಳಗೆ ಸೇರಿಸಿ ಹೇಳಬೇಕು. ನಮ್ಮ ಧಾರವಾಡದ ಕಡೆ ಅದು ಒಡಪು, ಮರಾಠಿಯವರಿಗೆ ಉಖಾಣೆ. ನಮ್ಮ ಕಟ್ಟಡದಲ್ಲಿ ಅರ್ಧ ಕನ್ನಡದವರು, ಅರ್ಧ ಮರಾಠಿಯವರು. ಅವರ ಉಖಾಣೆಗೆ ನಾವು ಅರ್ಧ ನಕ್ಕರೆ ನಮ್ಮ ಒಡಪಿಗೆ ಅವರು ಸುಮ್ಮನೆ ತಲೆದೂಗುತ್ತಿದ್ದರು. ಹೀಗಿರುವಾಗ ಯಾರಿಗೂ ತಾಯ್ನುಡಿಯಲ್ಲದ ಭಾಷೆಯಲ್ಲಿ ಆಡೋಣ ಎಂದವರು ಮೂರನೇ ಮಹಡಿಯವರು, ಇಡೀ ಕಟ್ಟಡಕ್ಕೇ 'ವಹಿನಿ', ಅಂದರೆ ಅತ್ತಿಗೆ. ಅವರು ಬೆಳಗಾವಿಯ ಹುಡುಗಿ, ಭೋರ್ ಊರಿನ ಮರಾಠಿ ಮನೆಯ ಸೊಸೆ. ಎರಡೂ ಭಾಷೆಯಲ್ಲಿ ಒಂದೇ ಜೋರಿನಲ್ಲಿ ಮಾತಾಡುತ್ತಾರೆ. ಆಟದ ನಿಯಮ ಮಾಡಿದವರು ಮಾತ್ರ ನಾವೆಲ್ಲ ಚಿಕ್ಕಮ್ಮ ಎನ್ನುವಂತೆ ಕರೆಯುವ ಟೀಚರ್ ಕಾಕು.

ಟೀಚರ್ ಕಾಕು ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಅವರ ಗಂಡ ರೇಲ್ವೆಯಲ್ಲಿ ಗಾರ್ಡ್ ಆಗಿದ್ದರು. ಕಾಕು ದೌಂಡದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಪುಣೆಗೆ ಬಂದರು. ಅರಿಶಿನ-ಕುಂಕುಮಕ್ಕೆ ಅವರನ್ನು ಕರೆಯುವುದೋ ಬಿಡುವುದೋ ಎಂದು ಹೆಂಗಸರು ಅಳೆದು ಸುರಿಯುತ್ತಿದ್ದಾಗ ವಹಿನಿ ನಾಲ್ಕನೇ ಮಹಡಿಗೆ ಹೋಗಿ, "ನೀವು ಕುಂಕುಮಕ್ಕ ಬರಬ್ಯಾಡ್ರಿ, ಪರೀಕ್ಷಾ ತಗೊಳ್ಳಿಕ್ಕೆ ಬರ್ರಿ" ಎಂದರಂತೆ. ಕಾಕು ದಪ್ಪ ಡಿಕ್ಷನರಿ ಎದೆಗವಚಿಕೊಂಡು ಬಂದರು. ಉಳಿದವರು ಜಮಖಾನದ ಮೇಲೆ ಸಾಲಾಗಿ ಕುಳಿತರೆ ಕಾಕುಗೆ ಬಾಲ್ಕನಿಯ ಬಾಗಿಲ ಬಳಿ ಒಂದು ಕುರ್ಚಿ. ಅಂದಿನಿಂದ ಅವರ ಜಾಗ ಅದೇ.

ನಿಯಮ ಸರಳ. ಗಂಡನ ಹೆಸರಿನ ಅಕ್ಷರಗಳೆಲ್ಲ ಇರುವ ಒಂದು ಇಂಗ್ಲಿಷ್ ಪದ ಹೇಳಬೇಕು. ಹೆಸರಿನಲ್ಲಿ ಎರಡು ಎ ಇದ್ದರೆ ಪದದಲ್ಲೂ ಎರಡು ಇರಬೇಕು. ಪದ ಡಿಕ್ಷನರಿಯಲ್ಲಿ ಸಿಗಬೇಕು. ಎಲ್ಲರಿಗಿಂತ ಉದ್ದದ ಪದಕ್ಕೆ ಬಹುಮಾನ. ಒಂದು ವರ್ಷ 'ಏಶ' ಎಂದು ಮುಗಿಯುವ ಗಂಡಂದಿರ ಹೆಂಡತಿಯರೆಲ್ಲ ಒಬ್ಬರ ಹಿಂದೊಬ್ಬರು "ರಿಲೇಶನ್‌ಶಿಪ್" ಎಂದುಬಿಟ್ಟರು. ಮರುವರ್ಷದಿಂದ ಕಾಕು ಆ ಪದಕ್ಕೆ ನಿಷೇಧ ಹಾಕಿದರು.

ನಾನು ಆಗ ಶಿವಾಜಿನಗರದ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಕಾಕು ನನ್ನನ್ನು ಸಹಾಯಕ್ಕೆ ಕುರ್ಚಿಯ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಆಟಕ್ಕೆ ಮೊದಲು ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದು ಪದ ಕೇಳಿಕೊಂಡು ಹೋಗುವ ರೂಢಿಯೂ ಹೇಗೋ ಶುರುವಾಯಿತು. ಅದಕ್ಕೆ ಕಾಕುವಿನ ತಕರಾರಿರಲಿಲ್ಲ. "ಕಾಪಿ ಹೊಡೆಯೂದಲ್ಲ ಅದು, ಟ್ಯೂಶನ್" ಎನ್ನುತ್ತಿದ್ದರು.

ಪದ ಹುಡುಕುವುದಕ್ಕೆ ನನ್ನದೇ ಕ್ರಮವಿತ್ತು. ಮೊದಲು ಹೆಸರಿನಲ್ಲಿರುವ ಹಟಮಾರಿ ಅಕ್ಷರ ಯಾವುದು ನೋಡಬೇಕು. ಜೆ, ವಿ, ಕೆ ಇದ್ದರೆ ಅಲ್ಲಿಂದಲೇ ಆರಂಭ. ಎನ್, ಆರ್, ಎಸ್, ಟಿ ಎಲ್ಲಿ ಕರೆದರೂ ಬರುತ್ತವೆ. ನಮ್ಮ ಹೆಸರುಗಳ ತೊಂದರೆ ಎಂದರೆ ಎ. ನಾವು ಪ್ರತಿ ವ್ಯಂಜನದ ಬೆನ್ನಿಗೂ ಒಂದು ಎ ಕಟ್ಟುತ್ತೇವೆ, ಇಂಗ್ಲಿಷ್ ಪದಗಳು ಅಷ್ಟು ಧಾರಾಳವಲ್ಲ. ಹಟಮಾರಿ ಅಕ್ಷರ ಒಂದು ಪದದ ನಡುವೆ ಕುಳಿತಿತೆಂದರೆ ಹಿಂದೆ ಮುಂದೆ ತುಂಡು ಜೋಡಿಸಿ ಉದ್ದ ಮಾಡಬಹುದು. ಇದು ಬುದ್ಧಿವಂತಿಕೆಯ ಕೆಲಸವಲ್ಲ. ಅಕ್ಕಿ ಆರಿಸುವಾಗ ಕಲ್ಲು ತಾನಾಗಿ ಕಣ್ಣಿಗೆ ಬೀಳುವಂತೆ. ಈಗ ನಾನು ಮನೆಯಲ್ಲೇ ಕುಳಿತು ಒಂದು ಪ್ರಕಾಶನದವರಿಗೆ ಇಂಗ್ಲಿಷ್ ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಅಲ್ಲಿಯೂ ಕಣ್ಣಿನ ಕೆಲಸ ಇದೇ.

ಅವ್ವನಿಗೆ ಇಂಗ್ಲಿಷ್ ಓದಲು ಬರುತ್ತದೆ, ಬಾಯಲ್ಲಿ ಹೊರಳುವುದಿಲ್ಲ. ಅಪ್ಪನ ಹೆಸರು 'ಅಪ್ಪ' ಎಂದೇ ಮುಗಿಯುವಂಥದ್ದು, ಆದ್ದರಿಂದ ಎರಡು ಪಿ ಬೇಕೇಬೇಕು. ನಾನು "ಅನ್ಅಪ್ರೋಚೆಬಲ್" ಹುಡುಕಿಕೊಟ್ಟಿದ್ದೆ. ಸಲೀಸಾಗಿ ಹತ್ತಿರ ಹೋಗಲಾಗದ ಮನುಷ್ಯ ಎಂದರ್ಥ ಎಂದಾಗ ಅವ್ವ ಸೌಟು ಹಿಡಿದೇ ನಕ್ಕಿದ್ದಳು. "ನಿಮ್ಮಪ್ಪಗ ಕರೆಕ್ಟ್ ಹೊಂದೂ ಪದಾ ಕೊಟ್ಟಿ ನೋಡು. ಊಟಕ್ಕ ಕರದ್ರೂ ಎಲ್ಲಿ ಓಗೊಡ್ತಾರ?" ವರ್ಷವರ್ಷವೂ ಅದೊಂದೇ ಪದವನ್ನು ಮೂರು ತುಂಡು ಮಾಡಿ ಕಲಿತು ಒಪ್ಪಿಸುತ್ತಾಳೆ.

ಮದುವೆ ಗೊತ್ತಾದಾಗ ನನಗಾಗಿಯೂ ಹುಡುಕಿಕೊಂಡೆ. ಯಾರೂ ಕೇಳಿರಲಿಲ್ಲ. ಒಳ್ಳೆಯ ಪದಗಳೇ ಸಿಕ್ಕವು. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹೆಸರು ಸಿಕ್ಕಿಬಿಡುತ್ತದೆ. ಅವನ ಕೆಲಸ ಚಾಕಣದ ಕಡೆ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ. ನಾವು ಅಲ್ಲಿಗೇ ಹತ್ತಿರ ಮನೆ ಮಾಡಿದೆವು. ಎರಡನೆಯ ವರ್ಷ ತುಂಬುವ ಮೊದಲೇ ನಾನು ಬಟ್ಟೆಬರೆ, ಪುಸ್ತಕ ತೆಗೆದುಕೊಂಡು ಅವ್ವನ ಮನೆಗೆ ಬಂದೆ. ಹೊಡೆದದ್ದು ಬಡಿದದ್ದು ಏನಿಲ್ಲ. ಇದ್ದದ್ದು ನಮ್ಮಿಬ್ಬರ ನಡುವಿನದು, ಅದನ್ನು ನ್ಯಾಯಾಧೀಶರಿಗೂ ಪೂರ್ತಿ ಹೇಳಿಲ್ಲ. ಇಬ್ಬರೂ ಒಪ್ಪಿ ಶಿವಾಜಿನಗರದ ಕೋರ್ಟಿನಲ್ಲಿ ಅರ್ಜಿ ಹಾಕಿದೆವು.

ಅವ್ವ ಕಟ್ಟಡದಲ್ಲಿ ಬೇರೆಯೇ ಹೇಳಿದಳು. ಅಳಿಯನನ್ನು ಕಂಪನಿಯವರು ಟ್ರೇನಿಂಗಿಗೆ ಜರ್ಮನಿಗೆ ಕಳಿಸಿದ್ದಾರೆ, ಅವನು ಬರುವವರೆಗೆ ಮಗಳು ಒಬ್ಬಳೇ ಯಾಕಿರಬೇಕು ಎಂದು ತವರಿಗೆ ಬಂದಿದ್ದಾಳೆ. ಇದನ್ನು ಅವಳು ನನ್ನನ್ನು ಕೇಳಿ ಹೇಳಲಿಲ್ಲ. ನಾನು ಬಂದ ವಾರ ಮೆಟ್ಟಿಲಲ್ಲಿ ವಹಿನಿ, "ಜರ್ಮನಿ ಅಂತಲ್ಲ, ಅಭಿನಂದನ್!" ಎಂದಾಗಲೇ ನನಗೆ ಗೊತ್ತಾದದ್ದು. ನಾನು "ಥ್ಯಾಂಕ್ಯೂ" ಎಂದೆ. ಅಷ್ಟಕ್ಕೆ ನಾನೂ ಅದರಲ್ಲಿ ಪಾಲುದಾರಳಾದೆ.

ಈ ಸಲ ಸಂಕ್ರಾಂತಿಯ ಅರಿಶಿನ-ಕುಂಕುಮ ವಹಿನಿಯ ಮನೆಯಲ್ಲಿತ್ತು. ಹೆಂಗಸರು ಎಂದಿನಂತೆ ಪದಕ್ಕೆ ಬಂದರು. ನಾನು ಎಂದಿನಂತೆ ಹುಡುಕಿಕೊಟ್ಟೆ. ಬಂದವರು ಜರ್ಮನಿಯ ಸುದ್ದಿ ಎತ್ತಲಿಲ್ಲ. ಅದು ನನಗೆ ಸಮಾಧಾನದ ಸಂಗತಿ ಎನಿಸಿತ್ತು. ಯಾಕೆ ಎತ್ತುತ್ತಿಲ್ಲ ಎಂದು ಯೋಚಿಸಬೇಕಿತ್ತು.

ಆ ದಿನ ಮಧ್ಯಾಹ್ನ ಅವ್ವ ಇಲ್ಲಿ ಸಂಕ್ರಾಂತಿಗೆ ಉಡುವ ಕಪ್ಪು ಸೀರೆಯ ಮಡಿಕೆ ಬಿಚ್ಚುತ್ತ, "ನೀನೂ ನಡಿ" ಎಂದಳು.

"ನಾ ಒಲ್ಲೆ. ತಲಿ ನೋಯ್ಲಿಕ್ಕತ್ತದ ಅಂತ ಹೇಳು."

"ಹೋದ ವಾರ ತಲಿನೋವು, ಈ ವಾರ ತಲಿನೋವು. ಡಾಕ್ಟರಗ ತೋರಸ್ರಿ ಅಂತಾರ. ಬಂದು ಒಂದು ತಾಸು ಕೂತು ಎದ್ದು ಬಾ, ಮುಗೀತು."

ಬಳಿಕ ಅವಳು ಕಪಾಟಿನಿಂದ ಮಂಗಳಸೂತ್ರ ತೆಗೆದು ತಂದಳು. ನಾನು ಮನೆಗೆ ಬಂದ ದಿನ ಅದನ್ನು ತೆಗೆದು ಅವಳ ಕೈಗೆ ಕೊಟ್ಟಿದ್ದೆ. ಈಗ ಅದನ್ನು ನನ್ನ ಮುಂದೆ ಹಿಡಿದು ನಿಂತಳು. ಬೇಡ ಎನ್ನುವುದಕ್ಕೆ ಒಂದು ಮಾತು ಸಾಕಿತ್ತು. ಆದರೆ ಅವಳು ಆಗಲೇ ಕೊಂಡಿ ಬಿಚ್ಚಿ ಹಿಡಿದಿದ್ದಳು. ನಾನು ಕೂದಲನ್ನು ಪಕ್ಕಕ್ಕೆ ಸರಿಸಿ ಕುತ್ತಿಗೆ ಬಾಗಿಸಿದೆ. ಹಿಂದಿನಿಂದ ಕೊಂಡಿ ಹಾಕುವಾಗ ಅವಳ ಬೆರಳು ತಣ್ಣಗೆ ತಾಗಿತು. ಕನ್ನಡಿ ನೋಡಲಿಲ್ಲ. ಮದುವೆಯಲ್ಲಿ ಅದನ್ನು ಕಟ್ಟಿಸಿಕೊಂಡಾಗ ನಾಚಿಕೆಯಾಗಿರಲಿಲ್ಲ, ತೆಗೆದಾಗಲೂ ಆಗಿರಲಿಲ್ಲ. ಈಗ ಆಯಿತು.

ವಹಿನಿಯ ಹಾಲ್ ತುಂಬಿತ್ತು. ಒಬ್ಬೊಬ್ಬರ ಅಂಗೈಗೂ ಕುಸರೆಳ್ಳು ಹಾಕಿ, ಕುಂಕುಮ ಹಚ್ಚಿ, ವಾಣ ಎಂದು ಭೋರ್ ಕಡೆಯ ಹೊಸ ಅಕ್ಕಿಯ ಸಣ್ಣ ಚೀಲ ಕೊಟ್ಟರು. ಕಾಕು ಕುರ್ಚಿಯಲ್ಲಿದ್ದರು, ಮಡಿಲಲ್ಲಿ ಡಿಕ್ಷನರಿ. ನನ್ನನ್ನು ಕಂಡು ಕಣ್ಣಲ್ಲೇ ನಕ್ಕರು. ನಾನು ಹೋಗಿ ಅವ್ವನ ಪಕ್ಕ ಜಮಖಾನದ ಮೇಲೆ ಕುಳಿತೆ. ಮದುವೆಯಾದವರ ಸಾಲಿನಲ್ಲಿ ನಾನು ಕುಳಿತದ್ದು ಅದೇ ಮೊದಲು.

ಬೆಳ್ಳಿಯ ತಾಟಿನಲ್ಲಿ ಒಂದು ದೀಪ ಇಟ್ಟು ಕೈಯಿಂದ ಕೈಗೆ ದಾಟಿಸುತ್ತಾರೆ; ತಾಟು ಯಾರ ಕೈಯಲ್ಲಿದೆಯೋ ಅವರ ಪಾಳಿ. ಮೊದಲು ವಹಿನಿಯೇ ಹಿಡಿದರು. ಅವರ ಗಂಡನ ಹೆಸರಿನಲ್ಲಿ ಜೆ ಮತ್ತು ವಿ ಎರಡೂ ಇವೆ. ಅದಕ್ಕೆ ಪದ ಹುಡುಕಲು ನನಗೆ ಒಮ್ಮೆ ಎರಡು ದಿನ ಹಿಡಿದಿತ್ತು.

"ರೆಜುವೆನೇಶನ್!" ಎಂದರು ವಹಿನಿ.

"ಹಂಗಂದ್ರ ಏನ್ರಿ?"

"ಮುದುಕರಾದವರು ಮತ್ತ ಹರೇದವರಾಗೂದು."

"ಅಗ ಬಾಯಿ! ಹಂಗಾರ ಅವರಿಗೆ ಬೇಕೇ ಬೇಕು ಬಿಡ್ರಿ. ಮೊನ್ನೆ ಮೊಳಕಾಲಿಗೆ ಎಣ್ಣಿ ಹಚಗೊಂಡು ಕೂತಿದ್ರು."

"ಸುಮ್ನಿರ್ರಿ, ಎಣ್ಣಿ ಹಚ್ಚಾಕಿ ನಾನs ಅದೇನಿ!"

ಎಲ್ಲರೂ ನಗುವಾಗ ಕಾಕು ನಗದೆ, ಕುರ್ಚಿಯ ಕೈಮೇಲೆ ಬೆರಳಿಂದ ಒಂದೊಂದೇ ಅಕ್ಷರ ಒತ್ತಿ ಎಣಿಸಿದರು. ಅವರಿಗೆ ಎಲ್ಲರ ಗಂಡಂದಿರ ಅಕ್ಷರಗಳೂ ಬಾಯಿಪಾಠ. ತಾಟು ಬಂತು, ಅವ್ವ ಹಿಡಿದಳು. "ಅನ್. ಅಪ್ರೋಚ್. ಏಬಲ್" ಎಂದು ಮೂರು ಮೆಟ್ಟಿಲು ಇಳಿದಂತೆ ಹೇಳಿದಳು. ಕಾಕು ಎಣಿಸಿದರು. "ಪಿ ಎರಡು ಅದಾವ. ಪಾಸ್." ಅವ್ವ ದೀಪ ಆರದಂತೆ ಅಂಗೈ ಅಡ್ಡ ಹಿಡಿದು ತಾಟನ್ನು ನನ್ನ ಕಡೆ ತಿರುಗಿಸಿದಳು.

ನಾನು ಕೈ ಚಾಚುವ ಮೊದಲೇ ನನ್ನ ಬಲಗಡೆ ಕುಳಿತಿದ್ದವರು, ನಮ್ಮ ಎದುರುಮನೆಯ ಅಕ್ಕ, ನನ್ನ ಮುಂದಿನಿಂದ ಬಾಗಿ ತಾಟು ತೆಗೆದುಕೊಂಡರು. "ಹಾಂ, ಮುಂದ ನೀವು ಹೇಳ್ರಿ" ಎಂದರು ಕಾಕು, ಡಿಕ್ಷನರಿಯಿಂದ ಕಣ್ಣೆತ್ತದೆ. ಅಕ್ಕ ಕೂಡಲೇ ತಮ್ಮ ಪದ ಹೇಳಿದರು.

ಆ 'ಕೂಡಲೇ'ಯಿಂದ ನನಗೆ ಎಲ್ಲ ತಿಳಿಯಿತು. ಈ ಅಕ್ಕ ತಮ್ಮ ಪಾಳಿ ಬಂದಾಗ ಸೆರಗು ಸರಿಮಾಡಿ, ಕೆಮ್ಮಿ, "ನನಗ ಮರತೇ ಹೋತು ನೋಡ್ರಿ" ಎಂದು ಎರಡು ಸಲ ಹೇಳದೆ ಬಾಯಿ ಬಿಟ್ಟವರಲ್ಲ. ಇವತ್ತು ಸಿದ್ಧರಾಗಿ ಕುಳಿತಿದ್ದರು. ಯಾರೊಬ್ಬರೂ "ಅರೆ, ಹುಡುಗಿ ಉಳೀತಲ್ಲ" ಎನ್ನಲಿಲ್ಲ. ಇಷ್ಟು ಜನರಿಗೆ ಒಂದೇ ಸಲ ಒಂದೇ ಮರೆವು ಬರುವುದಿಲ್ಲ. ಅವರು ಮೊದಲೇ ಮಾತಾಡಿಕೊಂಡಿದ್ದರು. ನನಗೆ ಕಷ್ಟವಾಗದಿರಲಿ ಎಂದು, ಪ್ರೀತಿಯಿಂದಲೇ. ನನ್ನ ಮೈಮೇಲಿದ್ದ ಕರಿಮಣಿಯನ್ನು ನೋಡಿ, ಇದು ಸುಳ್ಳು ಎಂದು ಗೊತ್ತಿದ್ದೂ ಅವರು ನನಗೆ ಕುಂಕುಮ ಹಚ್ಚಿದ್ದರು.

ಅವ್ವನಿಗೆ ಮಾತ್ರ ಇದು ಗೊತ್ತಾಗಿಲ್ಲ ಎಂದುಕೊಂಡೆ. ಗೊತ್ತಾಗದಿರಲಿ ಎಂದು ಬೇಡಿಕೊಂಡೆ.

"ತಡೀರಿ" ಎಂದಳು ಅವ್ವ. "ನನ್ನ ಮಗಳ ಪಾಳಿ ತಪ್ಪಿತು."

"ಇರ್ಲಿ ಬಿಡ್ರಿ" ಎಂದರು ವಹಿನಿ, ಎಂದಿಗಿಂತ ಮೆಲ್ಲಗೆ. "ನಮಗೆಲ್ಲಾ ಪದಾ ಹುಡಿಕಿ ಕೊಟ್ಟು ಕೊಟ್ಟು ದಣದಾಳ ಪಾಪ."

"ಒಂದು ಪದಾ ಹೇಳ್ಲಿಕ್ಕೆ ಏನು ದಣಿವ್ರಿ?"

ಕಾಕು ಕುರ್ಚಿಯಿಂದ ಬಾಗಿದರು. "ಹಂಗಲ್ರಿ, ನಾನs ಆಕಿನ್ನ ಬಿಟ್ಟೆ. ನನಗ ಕಣ್ಣು ಸಾಲೂದಿಲ್ಲ. ಹಳೇ ಅಸಿಸ್ಟೆಂಟ್ ಆಕಿ, ಬಂದು ನನ್ನ ಬಾಜೂಕ ಕುಂಡ್ರಲಿ, ಅಕ್ಷರ ಎಣಸಲಿ."

ನಾನು ಏಳಲು ಮೊಣಕಾಲೂರಿದೆ. ಆ ಕುರ್ಚಿಯ ಪಕ್ಕದ ಜಾಗ ನನಗೆ ಬೇಕಿತ್ತು. ಆದರೆ ಅವ್ವ ನನ್ನ ತೊಡೆಯ ಮೇಲೆ ಕೈ ಒತ್ತಿ ಕೂರಿಸಿದಳು.

"ನಿಮ್ಮ ಬಾಜೂಕ ಯಾಕ ಕುಂಡ್ರತಾಳ್ರಿ?" ಎಂದಳು. "ಆಕಿ ಗಂಡ ಅದಾನ."

ಗಂಡನಿಲ್ಲದವರಿಗಾಗಿ ಮಾಡಿದ ಕುರ್ಚಿ ಅದು ಎಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬ ಒಪ್ಪಂದದ ಮೇಲೆ ಆ ಆಟ ಇಷ್ಟು ವರ್ಷ ನಡೆದಿತ್ತು. ನನಗೆ ಕಾಕುವಿನ ಮುಖ ನೋಡಲಾಗಲಿಲ್ಲ. ಅವರ ಪಾದ ಕಾಣಿಸುತ್ತಿತ್ತು, ಒಂದರ ಮೇಲೊಂದು ಇಟ್ಟುಕೊಂಡಿದ್ದರು, ಅವನ್ನು ಬಿಡಿಸಿ ನೆಲಕ್ಕೂರಿದರು.

"ಖರೇ ಅದರಿ" ಎಂದರು ಕಾಕು. ದನಿ ತರಗತಿಯ ದನಿಯೇ. "ನಂದs ತಪ್ಪಾತು. ತಾಟು ಈ ಕಡೆ ಕೊಡ್ರಿ. ಹೇಳವಾ."

ಎದುರುಮನೆಯ ಅಕ್ಕ ತಾಟನ್ನು ನನ್ನ ಕೈಗಿಟ್ಟರು. ಪೇಪರಿನಲ್ಲೋ ಅಂಗಡಿಯ ಬೋರ್ಡಿನಲ್ಲೋ ಬೇಡವೆಂದರೂ ಕಣ್ಣಿಗೆ ಬೀಳುತ್ತಿದ್ದ ಅವನ ಪದಗಳಲ್ಲಿ ಆ ಕ್ಷಣಕ್ಕೆ ಒಂದೂ ಬರಲಿಲ್ಲ. ಯಾವುದೋ ಉದ್ದದ ಪದ ಹೇಳಿದೆ. ಹೇಳಿ ಮುಗಿಸುವಾಗಲೇ ತಿಳಿಯಿತು, ಅದರಲ್ಲಿ ಅವನ ಒಂದು ಅಕ್ಷರ ಇಲ್ಲ.

ಕಾಕು ನನ್ನ ಮದುವೆಗೆ ಬಂದವರು. ಲಗ್ನಪತ್ರಿಕೆ ಕೈಗೆ ಬಂದ ದಿನವೇ ವರನ ಹೆಸರನ್ನು ಬೆರಳಲ್ಲಿ ಎಣಿಸಿ, "ಸುಲಭ ಅದಾನವಾ, ತ್ರಾಸಿಲ್ಲ" ಎಂದು ನಕ್ಕವರು. ಈಗ ಅವರ ಬೆರಳು ಕುರ್ಚಿಯ ಕೈಮೇಲೆ ಅಲುಗಾಡಲಿಲ್ಲ.

"ಬರೋಬ್ಬರಿ ಅದ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು, ಜೋರಾಗಿ. ಉಳಿದವರ ಪಾಳಿ ಬೇಗ ಬೇಗ ಮುಗಿಯಿತು. ನನ್ನದೇ ಉದ್ದ ಎಂದು ಸ್ಟೀಲಿನ ಡಬ್ಬಿ ನನಗೇ ಕೊಟ್ಟರು. ನಾನು ಅದನ್ನು ತೆಗೆದುಕೊಂಡೆ. ತಪ್ಪು ಪದಕ್ಕೆ, ಇಲ್ಲದ ಗಂಡನ ನೆರಳಿಗೆ, ನನ್ನ ಮೇಲಿನ ಕನಿಕರಕ್ಕೆ ಕೊಟ್ಟ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಂತೆ.

ಮೆಟ್ಟಿಲಿಳಿಯುವಾಗ ಅವ್ವ ಮುಂದೆ, ನಾನು ಹಿಂದೆ. ಎರಡನೇ ಮಹಡಿಯ ತಿರುವಿನಲ್ಲಿ ಹೇಳಿಬಿಟ್ಟೆ.

"ಅವ್ವಾ, ಅವರಿಗೆಲ್ಲಾ ಗೊತ್ತದ."

ಅವಳು ನಿಲ್ಲಲಿಲ್ಲ. "ಗೊತ್ತದ ಅಂತ ನನಗೂ ಗೊತ್ತದ."

"ಯಾವಾಗಿಂದ?"

"ವಹಿನಿ ಗಂಡ ಶಿವಾಜಿನಗರ ಸ್ಟೇಷನ್‌ಕ ಹೊಂಟಾಗ ನಮ್ಮನ್ನ ಕೋರ್ಟಿನ ಗೇಟಿನಾಗ ನೋಡ್ಯಾನ. ನೀ ಫೈಲ್ ನೋಡ್ಲಿಕ್ಕತ್ತಿದ್ದಿ. ಅಂವ ಮುಖ ತಿರಿವಿಕೊಂಡು ಹ್ವಾದ."

"ಮತ್ತ ಯಾಕ ಹಂಗ ಅಂದಿ? ಕಾಕೂಗ ಎಷ್ಟು ಕೆಟ್ಟ ಅನಿಸಿರಬೇಕು."

ಆಗ ನಿಂತಳು. ಕಟಕಟೆ ಹಿಡಿದುಕೊಂಡು ತಿರುಗಿದಳು. "ಕರದು, ಸಾಲಿನ್ಯಾಗ ಕುಂಡ್ರಿಸಿ, ತಾಟು ಮುಂದ ದಾಟಿಸಿದ್ರು. ಎಲಿ ಹಾಕಿ ಬಡಸದ ಹೋದಂಗ. ನನಗ ನೋಡ್ಲಿಕ್ಕಾಗ್ಲಿಲ್ಲ. ಕಾಕೂ ಅಂತ ನೆನಪs ಆಗ್ಲಿಲ್ಲ ನನಗ, ಖರೇನs ಆಗ್ಲಿಲ್ಲ." ಆಮೇಲೆ, "ನೀ ಪಾಪ ಏನೂ ಗೊತ್ತಿಲ್ಲದ ಕೂತಿ ಅಂತ ತಿಳದಿದ್ದೆ" ಎಂದಳು.

ನಾನು ಅವಳ ಬಗ್ಗೆ ಅಂದುಕೊಂಡದ್ದೂ ಇದನ್ನೇ. ಪಾಪ, ಅವಳಿಗೇನೂ ಗೊತ್ತಿಲ್ಲ ಎಂದು. ಅವಳ ಸುಳ್ಳಿಗೆ ನಾನು ನಾಚುತ್ತಿದ್ದೆ, ಅವಳ ಮುಗ್ಧತೆಗೆ ಮರುಗುತ್ತಿದ್ದೆ, ಓದಿದವಳೆಂದು ಎರಡನ್ನೂ ಮೇಲಿನಿಂದ ನೋಡುತ್ತಿದ್ದೆ. ಅವಳು ಮುಗ್ಧಳಾಗಿರಲಿಲ್ಲ. ಮುಖ ತಿರುಗಿಸಿಕೊಂಡು ಹೋದ ಗಂಡಸನ್ನು ಕಂಡ ದಿನದಿಂದ ಅದನ್ನು ಒಬ್ಬಳೇ ನುಂಗಿಕೊಂಡು ಹಾಲು ತರುತ್ತಿದ್ದಳು, ನಮಸ್ಕಾರ ಹೇಳುತ್ತಿದ್ದಳು.

ಮರುದಿನ ಮಧ್ಯಾಹ್ನ ನಾನು ಕಾಕುವಿನ ಮನೆಗೆ ಹೋದೆ. ಅವ್ವನ ಪರವಾಗಿ ತಪ್ಪೊಪ್ಪಿಕೊಳ್ಳಬೇಕೆಂದು ವಾಕ್ಯ ಕಟ್ಟಿಕೊಂಡಿದ್ದೆ. ಕಾಕು ಬಾಗಿಲು ತೆರೆದು, "ಬಾ, ಕುಂಡ್ರು" ಎಂದರು. ಕುಳಿತೆ. ಅವರು ಬಟಾಣಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡೆ.

"ನಮ್ಮವರು ಹೋದ ಮರುವರ್ಷ ದೌಂಡದಾಗ ಒಬ್ಬರ ಮನಿಗೆ ಹೋಗಿದ್ದೆ" ಎಂದರು ಅವರೇ. "ಹೊಸಾ ಹುಡುಗಿ ಒಬ್ಬಾಕಿ, ಗೊತ್ತಿಲ್ಲದ, ಒಡಪು ಹೇಳ್ರಿ ಅಂತ ನನ್ನ ಕೇಳಿದ್ಲು. ನಾ ರೂಢಿ ಮ್ಯಾಲ ಹೇಳಿಬಿಟ್ಟೆ, ಹೆಸರು ಹಚ್ಚಿ. ಹೇಳಿ ಮುಗದ ಮ್ಯಾಲ ನೋಡಿದ್ರ ಯಾರೂ ನಗವಲ್ರು. ಅದು ನಿನಗ ಆಗಬಾರದು ಅಂತ ತಾಟು ದಾಟಸ್ರಿ ಅಂದೆ. ನಿಮ್ಮವ್ವ ಅಂದಿದ್ದು ಖರೇನs. ನನ್ನ ಲೆಕ್ಕ ನಿನಗ ಹಚ್ಚಬಾರದಿತ್ತು."

"ನಾ ಹೇಳಿದ ಪದದಾಗ ಒಂದು ಅಕ್ಷರ ಇರಲಿಲ್ರಿ" ಎಂದೆ.

"ಗೊತ್ತದ."

"ಮತ್ತ ಪಾಸ್ ಮಾಡಿದ್ರಿ."

"ಮಾಡಿದೆ." ಅವರು ಸಿಪ್ಪೆಯನ್ನು ಬೇರೆ ಬಟ್ಟಲಿಗೆ ಹಾಕಿದರು. ಇಷ್ಟು ವರ್ಷದಲ್ಲಿ ಯಾರನ್ನೂ ಹಾಗೆ ಪಾಸು ಮಾಡಿದವರಲ್ಲ ಅವರು, ನನಗಾಗಿ ಮಾಡಿದ್ದರು. ಅದು ಉಪಕಾರವೆಂದು ಎಣಿಸಲು ನನಗಾಗಲಿಲ್ಲ. "ನಮಗ ಗೊತ್ತದ ಅಂಬೂದು ನಿಮ್ಮವ್ವಗ ಗೊತ್ತದನು?" ಎಂದು ಕೇಳಿದರು.

"ಅದರಿ."

"ಹಂಗಾರ ಇನ್ನ ಯಾರ ಸಲುವಾಗಿ ಇಟಗೊಂಡೀರಿ ಆ ಜರ್ಮನಿ?"

ಬಟಾಣಿ ಮುಗಿಯುವವರೆಗೆ ಕುಳಿತು ಎದ್ದು ಬಂದೆ. ಕ್ಷಮೆ ಕೇಳಲೇ ಇಲ್ಲ.

ಅದಾಗಿ ಎರಡು ದಿನಕ್ಕೆ ವಹಿನಿ ಬಂದರು. ತಮ್ಮ ತಂಗಿಯ ಕಟ್ಟಡದಲ್ಲೂ ಈ ಆಟ ಶುರುವಾಗಿದೆಯಂತೆ, ತಂಗಿಯ ಗಂಡನ ಹೆಸರಿಗೆ ಒಂದು ಪದ ಬೇಕು ಎಂಬ ನೆಪ. ಅವ್ವ ಅಡುಗೆಮನೆಯಲ್ಲಿ ಶೇಂಗಾ ಕುಟ್ಟುತ್ತಿದ್ದಳು. ವಹಿನಿ ಅವಳಿಗೆ ಕೇಳುವಂತೆ ದನಿ ಏರಿಸಿ, "ಮತ್ತ, ಅಳಿಯಂದಿರು ಹೆಂಗದಾರ? ಜರ್ಮನಿಯಾಗ ಈಗ ಭಾಳ ಥಂಡಿ ಅಂತ. ಸ್ವೆಟರ್ ಗಿಟರ್ ಕಳಿಸೀರೋ ಇಲ್ಲೋ?" ಎಂದರು.

ಮೊನ್ನೆ ಒಡೆದದ್ದನ್ನು ಹೀಗೆ ಜೋಡಿಸಲು ಬಂದಿದ್ದರು. ನಮ್ಮ ಸುಳ್ಳನ್ನು ನಮಗಿಂತ ಚೆನ್ನಾಗಿ ಕಾಪಾಡುತ್ತಿದ್ದರು. ಇನ್ನು ಮುಂದೆ ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ, ನೀರಿನ ಟ್ಯಾಂಕರ್ ಬಂದಾಗ, ಈ ಹೆಂಗಸರು ಒಬ್ಬೊಬ್ಬರಾಗಿ ನಮಗಾಗಿ ಜರ್ಮನಿಯ ಚಳಿಯನ್ನು ವಿಚಾರಿಸುತ್ತಾರೆ, ನಾವು ಉತ್ತರ ಕೊಡುತ್ತಿರಬೇಕು.

"ಅವರು ಜರ್ಮನಿಗೆ ಹೋಗಿಲ್ರಿ" ಎಂದೆ. "ಚಾಕಣದಾಗs ಅದಾರ. ನಾವು ಬಿಡಗಡಿ ತಗೊಳ್ಳಿಕ್ಕತ್ತೀವಿ."

ಶೇಂಗಾ ಕುಟ್ಟುವ ಸದ್ದು ನಿಂತಿತು.

"ಹೌದನವಾ?" ವಹಿನಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ನನಗ ಗೊತ್ತs ಇರಲಿಲ್ಲ ನೋಡು!" ಅವರಿಗೆ ಅಭಿನಯ ಬರುವುದಿಲ್ಲ. ಹೇಳಿ, ನಮ್ಮ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನನ್ನನ್ನು ನೋಡಲಿಲ್ಲ. "ಮುಂದಿನ ತಿಂಗಳು ತಾರೀಖು ಅದರಿ" ಎಂದಳು ವಹಿನಿಗೆ. "ಅವತ್ತ ನಿಮ್ಮ ಮನಿಯವರು ನಮ್ಮನ್ನ ನೋಡಿದ್ರಲ್ಲ, ಅದs ಕೋರ್ಟು."

ವಹಿನಿಯ ಮುಖ ಕೆಂಪಾಯಿತು. ಮೂವರೂ ಮೂರು ಕಡೆ ನೋಡುತ್ತ ನಿಂತೆವು. ಹೇಳಿದರೆ ಹಗುರಾಗುತ್ತದೆ ಎಂದು ನಂಬಿದ್ದೆ, ಆಗಲಿಲ್ಲ. ಮುಚ್ಚಿಟ್ಟಾಗ ಒಂದೇ ಕಡೆ ಇದ್ದ ನಾಚಿಕೆ ಈಗ ಕೋಣೆಯಲ್ಲೆಲ್ಲ ಹರಡಿತ್ತು, ಅಷ್ಟೇ. ಅದೀಗ ನನ್ನೊಬ್ಬಳದೇ ಆಗಿರಲಿಲ್ಲ ಎನ್ನುವುದು ಬೇರೆ ಮಾತು.

"ಚಾ ಇಡ್ತೀನಿ" ಎಂದಳು ಅವ್ವ. ಒಳಗೆ ಹೋಗಿ ಗ್ಯಾಸ್ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ, "ಮ್ಯಾಲ ಹೋಗಿ ಟೀಚರ್ ಕಾಕೂನ ಕರಕೊಂಡು ಬಾ. ನಾ ಕರದೇನಿ ಅಂತ ಹೇಳು. ನೀ ಅಂತ ಹೇಳಬ್ಯಾಡ, ನಾ ಅಂತ ಹೇಳು" ಎಂದಳು.

ಕಾಕು ಬಂದರು. ಕನ್ನಡಕ ಮರೆತು ಬಂದಿದ್ದರು. ವಹಿನಿ ಕುರ್ಚಿ ಎಳೆಯಲು ಹೋದಾಗ ಅವ್ವ, "ಇಲ್ಲೆ ಬರ್ರಿ" ಎಂದು ಸೋಫಾದಲ್ಲಿ ತನ್ನ ಪಕ್ಕ ಜಾಗ ಮಾಡಿ, ಮೊದಲ ಕಪ್ಪು ಅವರ ಕೈಗೆ ಕೊಟ್ಟಳು. ಕ್ಷಮೆಯ ಮಾತು ಅವಳ ಬಾಯಿಂದಲೂ ಬರಲಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ. ಕಾಕು ಒಂದು ಗುಟುಕು ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದರು. ಅವ್ವ ತರಲು ಎದ್ದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿದ್ದಕ್ಕೂ ನನಗೆ ನಾಚಿಕೆಯಾಯಿತು, ಕಪ್ಪಿನೊಳಗೆ ನೋಡುತ್ತ ಕುಳಿತೆ.